ಒಲೆಯಿಲ್ಲದೆ ಕುದಿಯುವ ನೀರು

ಕೇಳುಗರಿಗೆ ನಮಸ್ಕಾರ.

ರಾಸಾಯನಿಕ ಕ್ರಿಯೆಯಲ್ಲಿ ಶಾಖದ ಬದಲಾವಣೆ ಎಂದ ಕೂಡಲೇ ಹತ್ತನೇ ತರಗತಿಯ ಮಕ್ಕಳು ಎರಡು ಮಾತು ಒಪ್ಪಿಸಿಬಿಡುತ್ತಾರೆ: ಶಾಖ ಹೊರಗೆ ಬಂದರೆ ಬಹಿರುಷ್ಣಕ, ಒಳಗೆ ಹೋದರೆ ಅಂತರುಷ್ಣಕ. ಸರಿ. ಆದರೆ ಹೊರಗೆ ಬಂದ ಆ ಶಾಖ ಎಲ್ಲಿತ್ತು ಎಂದು ಕೇಳಿ ನೋಡಿ, ತರಗತಿ ಸುಮ್ಮನಾಗುತ್ತದೆ. ಉತ್ತರ ಚಿಕ್ಕದು. ಶಾಖ ಹೊಸದಾಗಿ ಹುಟ್ಟುವುದಿಲ್ಲ. ಯಾವತ್ತೋ ಒಳಗೆ ಹೋದದ್ದೇ ಹೊರಗೆ ಬರುತ್ತದೆ.

ನಾವು ಮನೆ ಕಟ್ಟಿಸುವಾಗ ಚಿತ್ತಾಪುರ ಕಡೆಯ ಹಿರಿಯ ಗೌಂಡಿಯೊಬ್ಬರು ಕೆಲಸಕ್ಕಿದ್ದರು. ಮಾಳಿಗೆಗೆ ಸುಣ್ಣ ಬೇಕಾಗಿತ್ತು. ಅರ್ಧ ಡ್ರಮ್ ನೀರಿಗೆ ಸುಟ್ಟ ಸುಣ್ಣದ ಹೆಂಟೆಗಳನ್ನು ಒಂದೊಂದೇ ಬಿಟ್ಟರು. ಮೊದಲು ಚುಂಯ್ ಎಂಬ ಸದ್ದು. ಆಮೇಲೆ ಹೆಂಟೆ ಬಿರಿದು ಅರಳತೊಡಗಿತು, ಸ್ವಲ್ಪ ಹೊತ್ತಿಗೆ ನೀರು ಕೊತಕೊತ ಕುದಿದು ಹಬೆ ಎದ್ದಿತು. ಹೊಸದಾಗಿ ಕೆಲಸಕ್ಕೆ ಬಂದಿದ್ದ ಹುಡುಗ ಡ್ರಮ್ ಮುಟ್ಟಿ ಫಟ್ಟನೆ ಕೈ ಎಳೆದುಕೊಂಡ. ನನ್ನ ಕಡೆ ತಿರುಗಿ, “ಸರ್, ಕೆಳಗ ಒಲಿ ಇಲ್ಲ, ಕಟಗಿ ಇಲ್ಲ. ನೀರು ಹೆಂಗ ಕುದಿಲಕತ್ತದ್ರೀ?” ಅಂದ. ನಾನು ಬಾಯಿ ತೆರೆಯುವ ಮೊದಲೇ ಗೌಂಡಿ ಹೇಳಿದರು: “ಬೆಂಕಿ ಭಟ್ಟ್ಯಾಗೇ ಹಾಕ್ಯಾರಪ್ಪ. ಅದೇ ಈಗ ಹೊರಗ ಬರಲಕತ್ತದ.”

ಇಡೀ ಪಾಠ ಆ ಮಾತಿನಲ್ಲಿದೆ. ನಾನು ಅಂಕಿಗಳನ್ನಷ್ಟೇ ಸೇರಿಸುತ್ತೇನೆ.

ಶಹಾಬಾದ, ಸೇಡಂ ಕಡೆ ನೆಲ ಅಗೆದರೆ ಸಿಗುವುದು ಸುಣ್ಣದ ಕಲ್ಲು. ಅದರ ನೂರು ಗ್ರಾಂ ಶುದ್ಧ ಭಾಗವನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ, 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಈ ಕ್ರಿಯೆ ಒಳಗೆಳೆದುಕೊಳ್ಳುವ ಶಾಖ 178 ಕಿಲೋಜೂಲ್. ಅದೇ ಸುಣ್ಣಕ್ಕೆ ನೀರು ಸೇರಿದಾಗ ಹೊರಬರುವುದು 65. ಉಳಿದ 113 ಎಲ್ಲಿ? ಗೋಡೆಯ ಮೇಲೆ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಆಗ ಬರುವುದು ಸರಿಯಾಗಿ ಆ 113. ನಿಧಾನಕ್ಕೆ ಬರುವುದರಿಂದ ಕೈಗೆ ತಿಳಿಯುವುದಿಲ್ಲ, ಅಷ್ಟೇ. ಅಂಗಡಿಯ ಉದ್ರಿ ಲೆಕ್ಕದ ಹಾಗೆ, ಒಂದೇ ಸಲ ಕೊಡಿ, ಎರಡು ಕಂತಿನಲ್ಲಿ ಕೊಡಿ, ಮೊತ್ತ ಬದಲಾಗದು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಹೆಸ್ ಎಂಬ ವಿಜ್ಞಾನಿ 1840ರಲ್ಲಿ ಈ ನಿಯಮವನ್ನು ಹೇಳಿದರು.

ಹಾಗಂತ ಸುಣ್ಣದ ಹೆಂಟೆಯೊಳಗೆ ಶಾಖ ಬಿಸಿಯಾಗಿ ಕೂತಿರುವುದಿಲ್ಲ. ಒಣಗಿದ್ದಾಗ ಮುಟ್ಟಿದರೆ ತಣ್ಣಗೇ ಇರುತ್ತದೆ. ಭಟ್ಟಿಯ ಶಾಖ ಕಲ್ಲಿನೊಳಗಿನ ಬಂಧಗಳನ್ನು, ಅಂದರೆ ಕಣಗಳನ್ನು ಹಿಡಿದಿಟ್ಟ ಕೊಂಡಿಗಳನ್ನು, ಬಿಡಿಸುವುದಕ್ಕೆ ಖರ್ಚಾಗಿದೆ. ಹೊಸ ಬಂಧ ಕೂಡಿದಾಗ ಮರಳುತ್ತದೆ. ಬಂಧ ಮುರಿಯಲು ಶಾಖ ಬೇಕು, ಬಂಧ ಕೂಡಿದರೆ ಶಾಖ ಬರುತ್ತದೆ. ಮಕ್ಕಳೇ, “ಬಂಧ ಮುರಿದು ಶಾಖ ಬಿಡುಗಡೆಯಾಯಿತು” ಎಂದು ಉತ್ತರಪತ್ರಿಕೆಯಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ವರ್ಷ ವರ್ಷವೂ ಅದನ್ನೇ ಬರೆಯುತ್ತೀರಿ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ವಾಡಿ, ಮಳಖೇಡದ ಸಿಮೆಂಟೂ ಇದೇ ಕಥೆ. ಸುಮಾರು 1450 ಡಿಗ್ರಿಯ ಭಟ್ಟಿಯಿಂದ ಬಂದದ್ದು, ನೀರು ತಾಗಿದರೆ ಬಿಸಿಯಾಗುತ್ತದೆ. ಅಮೆರಿಕದ ಹೂವರ್ ಅಣೆಕಟ್ಟಿನ ಕಾಂಕ್ರೀಟನ್ನು 1930ರ ದಶಕದಲ್ಲಿ ಒಳಗೆ ಕೊಳವೆ ಹಾಕಿ ತಣ್ಣೀರು ಹರಿಸಿ ತಣಿಸಬೇಕಾಯಿತು. ನಮ್ಮ ಬೇಸಿಗೆಯಲ್ಲಿ ಸ್ಲ್ಯಾಬಿಗೆ ನೀರುಣಿಸುವುದನ್ನು ಎರಡೇ ದಿನಕ್ಕೆ ಬಿಡಬೇಡಿ, ಕನಿಷ್ಠ ಹತ್ತು ದಿನ ಬೇಕು. ಇನ್ನು ರೈತರು ಯೂರಿಯಾ ಕರಗಿಸುವಾಗ ಬಕೆಟ್ ತಣ್ಣಗಾಗುವುದು ಗೊತ್ತಿದೆಯಲ್ಲ? ಹರಳಿನ ಕಣಗಳನ್ನು ಬಿಡಿಸಲು ಬೇಕಾದ ಶಾಖ ನೀರಿನಿಂದಲೇ ಹೋಗುತ್ತದೆ.

ಕೊನೆಗೆ, ಸುಣ್ಣ ನೆನೆಹಾಕುವವರಿಗೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಡ್ರಮ್ಮಿನ ಬಾಯಿ ಮುಚ್ಚಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಆ ಕ್ಷಣದಿಂದಲೇ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರು ಹರಿಸುತ್ತ ತೊಳೆದು, ತಡಮಾಡದೆ ದವಾಖಾನೆಗೆ ಹೋಗಿ. ನಮಸ್ಕಾರ.