‘ಅಡ್ಡಿಲ್ಲ’ ಎಂಬ ಮಾತು, ನಿಂತ ಕೈ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ‘ಅಡ್ಡಿಲ್ಲ’ ಅಂದರೇನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾಯಸ ಹೇಗಾಗಿದೆ ಅಂದರೆ ‘ಅಡ್ಡಿಲ್ಲ’. ಹುಡುಗ ಹೇಗಿದಾನೆ ಅಂದರೂ ‘ಅಡ್ಡಿಲ್ಲ’. ಥಟ್ಟನೆ ಹೇಳಿ ತಲೆ ತೂಗಿದರೆ ಅದು ಮೆಚ್ಚುಗೆ. ಅದನ್ನೇ ‘ಅಡ್ಡೀ...ಲ್ಲ’ ಅಂತ ಎಳೆದು, ಕಣ್ಣು ಅಂಗಳದ ಕಡೆ ಹೊರಳಿತೋ, ಆ ಸಂಬಂಧದ ಮಾತು ಅಲ್ಲಿಗೆ ಮುಗಿಯಿತು.

ಮೂಗು ಮುರಿಯುವುದು, ಮುಖ ಸಿಂಡರಿಸುವುದು, ದುರುಗುಟ್ಟುವುದು, ಲೊಚಗುಟ್ಟುವುದು: ಬೇಡ ಅನ್ನುವುದಕ್ಕೆ ನಮ್ಮಲ್ಲಿ ಎಷ್ಟು ಬಗೆ! ಭರತನ ನಾಟ್ಯಶಾಸ್ತ್ರ 36 ದೃಷ್ಟಿಗಳನ್ನು ಹೇಳುತ್ತದೆ. ಹುಬ್ಬಿಗೇ 7 ಚಲನೆ, ಅದರಲ್ಲಿ ಭ್ರುಕುಟಿ ಕೋಪಕ್ಕೆ. ಆದರೆ ಮನೆಯೊಳಗೆ ಹುಬ್ಬು ಅಷ್ಟು ಸರಳವಾಗಿ ಓದಿಸಿಕೊಳ್ಳುವುದಿಲ್ಲ. ಮುಖಭಾವಗಳ ಬಗ್ಗೆ 1872ರಲ್ಲಿ ಪುಸ್ತಕ ಬರೆದ ಡಾರ್ವಿನ್, ಯೋಚನೆಗೆ ಏನಾದರೂ ತೊಡಕು ಎದುರಾದಾಗಲೂ ಮನುಷ್ಯ ಹುಬ್ಬು ಗಂಟಿಕ್ಕುತ್ತಾನೆ ಎಂದ. ಅಡಿಕೆ ಮಂಡಿಯ ಲೆಕ್ಕ ನೋಡುವಾಗ ನಮ್ಮ ಅಪ್ಪಯ್ಯನ ಹುಬ್ಬು ಹಾಗೇ ಗಂಟಾಗುತ್ತಿತ್ತು. ಅದು ನನ್ನ ಮೇಲಿನ ಸಿಟ್ಟು ಅಂದುಕೊಂಡು ಎಷ್ಟೋ ಸಲ ಕೇಳಬೇಕಾದ್ದನ್ನು ಕೇಳದೆ ವಾಪಸು ಬಂದಿದ್ದೇನೆ.

ಒಂದು ರಾತ್ರಿಯ ಸಂಗತಿ ಹೇಳಬೇಕು. ಕೊಯ್ಲಿನ ಕಾಲ. ಹಸಿ ಅಡಿಕೆಯನ್ನು ಇಟ್ಟು ಕೂರುವಂತಿಲ್ಲ, ಸುಲಿದು ಬೇಯಿಸಲೇಬೇಕು. ಜಗಲಿಯಲ್ಲಿ ಹತ್ತು ಹನ್ನೆರಡು ಮೆಟ್ಟುಗತ್ತಿ ಒಟ್ಟಿಗೇ ಚರಚರ ಅನ್ನುತ್ತಿದ್ದವು. ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆ, ‘ಶಿವಮೊಗ್ಗದಲ್ಲಿ ಬಿ.ಎಡ್. ಮಾಡ್ಬೇಕು ಅಂತಿದೀನಿ’ ಅಂದರು. ಉಳಿದವರ ಕೈ ಓಡುತ್ತಲೇ ಇತ್ತು. ದೊಡ್ಡಮ್ಮನ ಕೈ ಮಾತ್ರ ನಿಂತಿತು. ಅರ್ಧ ಸುಲಿದ ಕಾಯಿ ಬೆರಳಲ್ಲೇ ಇದೆ. ತಲೆ ಎತ್ತಲಿಲ್ಲ. ‘ಹ್ಞೂಂ’ ಅಂದರು, ಮೂಗಿನಿಂದ. ಅತ್ತಿಗೆಯ ಮುಂದಿದ್ದ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು ಮತ್ತೆ ಸುಲಿಯತೊಡಗಿದರು. ಅತ್ತಿಗೆ ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಮಲೆನಾಡಿನವರು ನಯವಂತರು, ಯಾರ ಮನಸ್ಸಿಗೂ ಚುಚ್ಚುವಂತೆ ಆಡುವುದಿಲ್ಲ ಅಂತ ನಾವು ಹೆಮ್ಮೆಪಡುತ್ತೇವೆ. ಆ ನಯ ನನಗೂ ಪ್ರಿಯವೇ. ಆದರೂ ಇದನ್ನು ಹೇಳದೆ ಇರಲಾರೆ. ಬಾಯಿಬಿಟ್ಟು ‘ಬೇಡ’ ಅಂದರೆ ‘ಯಾಕೆ ಬೇಡ’ ಅಂತ ಕೇಳಬಹುದು, ಜಗಳವನ್ನಾದರೂ ಆಡಬಹುದು. ನಿಂತ ಕೈಯ ಹತ್ತಿರ ಏನಂತ ವಾದ ಮಾಡುವುದು? ಇದರಲ್ಲಿ ಹೆಚ್ಚು ಸೋಲುವವರು ಮನೆಗೆ ಹೊಸದಾಗಿ ಬಂದ ಹೆಣ್ಣುಮಕ್ಕಳು. ಆ ಮನೆಯ ಕೆಮ್ಮು, ಆ ಮನೆಯ ಮೌನ ಅವರಿಗಿನ್ನೂ ತಿಳಿದಿರುವುದಿಲ್ಲ. ಹೀಗಾಗಿ ಎಲ್ಲದಕ್ಕೂ ಕೆಟ್ಟ ಅರ್ಥವನ್ನೇ ಹಿಡಿದು ಸುಮ್ಮನಾಗುತ್ತಾರೆ.

ಎಷ್ಟೋ ವರ್ಷದ ಮೇಲೆ ಅದೇ ಜಗಲಿಯಲ್ಲಿ ಕೂತು ದೊಡ್ಡಮ್ಮ ನನ್ನನ್ನು ಕೇಳಿದರು: ‘ಇವಳು ಓದ್ತೀನಿ ಅಂದಿದ್ಲಲ್ಲ, ಯಾಕೆ ಬಿಟ್ಲೋ? ನಾನೇನು ಬ್ಯಾಡ ಅಂದಿದ್ನಾ? ಬಸ್ಸಿಲ್ಲ, ಮಳೇಲಿ ಹ್ಯಾಗೆ ಓಡಾಡ್ತಾಳೆ ಅಂತ ಯೋಚ್ನೆ ಆಗಿತ್ತು, ಅಷ್ಟೆ.’

ಅತ್ತಿಗೆ ಒಳಗೆ ಕಾಫಿ ಸೋಸುತ್ತಿದ್ದರು. ಕೇಳಿಸಿಕೊಂಡರು ಅಂತ ನನಗೆ ಗೊತ್ತಾದದ್ದು, ಸೋಸುವ ಸದ್ದು ನಿಂತಾಗ.