ಕಲ್ಪನಾ ಅವರನ್ನು ನಾವು ಕೇಳದೆ ಬಿಟ್ಟ ಪ್ರಶ್ನೆ

ನಮಸ್ಕಾರ. ಹೋದ ತಿಂಗಳು ಒಬ್ಬ ಹಿರಿಯ ನಟರ ಸಂದರ್ಶನ ನೋಡಿದೆ. ಎರಡು ಗಂಟೆಯ ಮಾತು. ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಹುಡುಗ ಬಣ್ಣ ಹಚ್ಚಿದ್ದು ಹೇಗೆ ಅಂತ ಹೇಳಿದರು. ಮೈಕ್ ಇಲ್ಲದೆ ಕೊನೆಯ ಸಾಲಿನವರೆಗೂ ದನಿ ಮುಟ್ಟಿಸುವುದನ್ನು ಕಲಿತಿದ್ದರಂತೆ. ಕ್ಯಾಮೆರಾ ಮುಂದೆ ಅದೇ ದನಿಯನ್ನು ತಗ್ಗಿಸುವುದಕ್ಕೆ ಎಷ್ಟೋ ವರ್ಷ ಬೇಕಾಯಿತಂತೆ. ನಾನು ಆ ಭಾಗವನ್ನು ಮೂರು ಸಲ ಕೇಳಿದೆ.

ಆದರೆ ಆ ವಿಡಿಯೋ ಮೇಲೆ ಹಾಕಿದ್ದ ಚಿತ್ರ ಯಾವುದು ಗೊತ್ತಾ? ಮಗನ ಬಗ್ಗೆ ಹೇಳುವಾಗ ಅವರು ಕಣ್ಣೊರೆಸಿಕೊಂಡ ಆ ಒಂದು ಗಳಿಗೆ. ಜನ ಹಂಚಿಕೊಂಡಿದ್ದೂ ಅದನ್ನೇ. ಎರಡು ಗಂಟೆಯಲ್ಲಿ ಉಳಿದದ್ದು ನಲವತ್ತು ಸೆಕೆಂಡು.

ಅವತ್ತಿನಿಂದ ನನಗೆ ಮಿನುಗುತಾರೆ ಕಲ್ಪನಾ ನೆನಪಾಗುತ್ತಲೇ ಇದ್ದಾರೆ. 1963ರಲ್ಲಿ ‘ಸಾಕು ಮಗಳು’ ಚಿತ್ರದಿಂದ ಬಂದವರು. 1979ರಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ 35. ಯಾರ ಹತ್ತಿರವಾದರೂ ಅವರ ಹೆಸರು ಎತ್ತಿ ನೋಡಿ. ಮಾತು ನೇರವಾಗಿ ಅವರ ಕೊನೆಯ ದಿನಕ್ಕೇ ಹೋಗುತ್ತದೆ. ಯಾರ ಜೊತೆ ಜಗಳ, ಯಾರಿಂದ ಮನಸ್ಸು ಮುರಿಯಿತು, ಆ ರಾತ್ರಿ ಏನಾಯಿತು. ಪಕ್ಕದಲ್ಲೇ ನಿಂತು ಕಂಡವರ ಹಾಗೆ ಹೇಳುತ್ತಾರೆ. ಹದಿನಾರು ವರ್ಷದ ದುಡಿಮೆ ಒಂದು ರಾತ್ರಿಯ ಹಿಂದೆ ಮರೆಯಾಗಿಬಿಟ್ಟಿದೆ.

‘ಶರಪಂಜರ’ ನೋಡಿದ್ದೀರಿ ಅಲ್ವಾ? ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ಅವರ ನಿರ್ದೇಶನ. ಬಾಣಂತನದಲ್ಲಿ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ವಾಸಿಯಾಗಿ ಮನೆಗೆ ಬಂದರೂ ಯಾರೂ ಅವಳನ್ನು ನಂಬುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಅವಳು ಈಗ ಏನು ಅಂತ ನೋಡುವವರಿಲ್ಲ. ಆಗ ಏನಾಗಿತ್ತು ಅನ್ನುವುದಷ್ಟೇ ಎಲ್ಲರಿಗೂ ಬೇಕು.

ಮೊದಲು ಮನೆ ತುಂಬ ನಗುತ್ತಿದ್ದ ಆ ಹೆಣ್ಣು, ಆಸ್ಪತ್ರೆಯಿಂದ ಬಂದ ಮೇಲೆ ನಗುವ ಮುಂಚೆ ಎದುರಿಗಿದ್ದವರ ಮುಖ ನೋಡಬೇಕಾಗುತ್ತದೆ. ಆ ಅಳುಕನ್ನು ಕಲ್ಪನಾ ಕಣ್ಣಲ್ಲೇ ತೋರಿಸುತ್ತಾರೆ. ಇದು ಎಷ್ಟು ಕಷ್ಟದ ಕೆಲಸ ಯೋಚಿಸಿ. ಸಿನಿಮಾವನ್ನು ಸಾಮಾನ್ಯವಾಗಿ ಕಥೆಯ ಕ್ರಮದಲ್ಲಿ ಶೂಟ್ ಮಾಡುವುದಿಲ್ಲ. ಒಂದು ಜಾಗದ ದೃಶ್ಯಗಳನ್ನೆಲ್ಲ ಹಿಂದೆ ಮುಂದೆ ಸೇರಿಸಿ ಒಟ್ಟಿಗೆ ಮುಗಿಸುತ್ತಾರೆ. ಬೆಳಗ್ಗೆ ನೊಂದ ಹೆಂಡತಿ, ಮಧ್ಯಾಹ್ನ ಹೊಸ ಮದುವಣಗಿತ್ತಿ ಆಗಬೇಕಾಗಬಹುದು. ಎರಡೂ ಕಾವೇರಿಯರ ಲೆಕ್ಕವನ್ನು ಅವರು ಮನಸ್ಸಿನಲ್ಲಿ ಹೇಗೆ ಇಟ್ಟುಕೊಂಡಿದ್ದರು? ಆ ಅಳುಕು ಪುಟ್ಟಣ್ಣ ಹೇಳಿಕೊಟ್ಟಿದ್ದಾ, ಇವರಿಗೇ ಹೊಳೆದದ್ದಾ? ಬಣ್ಣ ತೊಳೆದ ಮೇಲೆ ಕಾವೇರಿ ಮೈಯಿಂದ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕಾಗುತ್ತಿತ್ತು?

ಇದನ್ನು ಕೇಳಬಹುದಾಗಿದ್ದ ಕಾಲ ಹೋಯಿತು. ಕಾವೇರಿಗೆ ಆ ಕಥೆಯ ಜನ ಮಾಡಿದ್ದನ್ನೇ ನಾವು ಕಲ್ಪನಾ ಅವರಿಗೆ ಮಾಡಿದ್ದೇವೆ. ಇದನ್ನು ಹೇಳುವಾಗ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಹೆಸರು ಬೇಕು ಅಂದ ಮೇಲೆ ಇದನ್ನೂ ಸಹಿಸಬೇಕು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾವು ಟಿಕೆಟ್ ತಗೊಂಡಿದ್ದು ಸಿನಿಮಾಗೆ, ಅವರ ಅಡುಗೆಮನೆಗೆ ಅಲ್ಲ. ಅಭಿಮಾನಿಗಳನ್ನು ದೇವರು ಅಂತ ಕರೆದವರು ಡಾ. ರಾಜ್‌ಕುಮಾರ್. 2006ರ ಏಪ್ರಿಲ್‌ನಲ್ಲಿ ಅವರು ಹೋದಾಗ ಬೆಂಗಳೂರಲ್ಲಿ ಗಲಭೆಯಾಯಿತು, ಜೀವಗಳು ಹೋದವು. ಮನೆಯವರಿಗೆ ಸುಮ್ನೆ ಕೂತು ಅಳುವುದಕ್ಕೂ ಬಿಡಲಿಲ್ಲ. ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿ ಜಾಸ್ತಿಯೇ ಇತ್ತು. ಆದರೆ ಆ ಸಾವು ಮೊದಲು ಒಂದು ಮನೆಯದು ಅನ್ನುವುದನ್ನು ಮರೆತೆವು.

ನಟರು ತಾವಾಗಿಯೇ ಮನೆಯ ಮಾತು ಆಡಿದರೆ ಕೇಳೋಣ, ಮನಸ್ಸಿಟ್ಟು ಕೇಳೋಣ. ಎಷ್ಟೋ ಸಲ ನಟನೆಗೆ ನೀರು ಬರುವುದೇ ಆ ಬಾವಿಯಿಂದ. ಹಗ್ಗ ಹಾಕಿ ಎಳೆಯುವುದು ಬೇರೆ. ಒಬ್ಬರು ಮಾತು ನಿಲ್ಲಿಸಿ ಕಿಟಕಿ ಕಡೆ ನೋಡಿದಾಗ, “ಆಮೇಲೆ ಏನಾಯ್ತು ಸಾರ್?” ಅಂತ ಒತ್ತುವುದು ಬೇರೆ.

ಮುಂದಿನ ವಾರ ಒಬ್ಬ ಹಿರಿಯ ಪೋಷಕ ನಟಿಯ ಜೊತೆ ಮಾತಿಗೆ ಕೂರುತ್ತಿದ್ದೇನೆ. ತುಂಬಾ ಸಿನಿಮಾಗಳಲ್ಲಿ ತಾಯಿಯಾದವರು. ಅವರ ಮದುವೆ ಬಗ್ಗೆ ಕೇಳಿ ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ. ನನ್ನ ಪುಸ್ತಕದಲ್ಲಿ ಮೊದಲನೆಯದಾಗಿ ಬರೆದುಕೊಂಡಿರುವುದು ಇದು: “ಅಮ್ಮಾ, ಆ ಸಿನಿಮಾದಲ್ಲಿ ಮಗ ಮನೆ ಬಿಟ್ಟು ಹೊರಟಾಗ ನೀವು ಅಳಲಿಲ್ಲ, ಒಲೆ ಕಡೆ ತಿರುಗಿ ಹಾಲು ಇಳಿಸಿದಿರಿ. ಅದನ್ನು ಯಾರು ಹೇಳಿಕೊಟ್ಟರು?”