ಗಾಳಿಯಲ್ಲಿ ಕೈ ಬೀಸಿದ್ದು ಸಾಕು

ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಬಲಗೈಯನ್ನು ಎದೆಮಟ್ಟಕ್ಕೆ ಎತ್ತಿ ಮುಂದಕ್ಕೆ ಚಾಚಿ ಹಿಡಿಯಿರಿ. ನಾನು ಹೇಳುವವರೆಗೂ ಇಳಿಸಬೇಡಿ.

ಇವತ್ತಿನ ವಿಷಯ ಕೈಸನ್ನೆ. ಕೀಬೋರ್ಡ್ ಬೇಡ, ಮೌಸ್ ಬೇಡ, ಸುಮ್ನೆ ಕೈ ಆಡಿಸಿದರೆ ಕಂಪ್ಯೂಟರ್ ಹೇಳಿದ ಹಾಗೆ ಕೇಳುತ್ತದೆ, ಮುಂದಿನ ಕಾಲ ಇದೇ ಅಂತ ಆಗಾಗ ಯಾವುದಾದರೂ ಕಂಪನಿಯವರು ವೇದಿಕೆ ಹತ್ತಿ ಹೇಳುತ್ತಲೇ ಇರುತ್ತಾರೆ. ಸನ್ನೆಗೆ ಭವಿಷ್ಯ ಇದೆ ಅಂತ ನಾನೂ ನಂಬುತ್ತೇನೆ. ಆದರೆ ನಮಗೆ ತೋರಿಸುತ್ತಾ ಬಂದಿರುವ ಆ ದೊಡ್ಡ ದೊಡ್ಡ ಸನ್ನೆಗಳಿಗೆ ಇಲ್ಲ.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. 2009ರ ನವೆಂಬರ್‌ನಲ್ಲಿ ಅಲ್ಲಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಟೆಡ್ ಇಂಡಿಯಾ ಅನ್ನುವ ಭಾಷಣಗಳ ಸಮಾವೇಶ ನಡೆಯಿತು. ಅಮೆರಿಕದ ಎಂಐಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಪ್ರಣವ್ ಮಿಸ್ತ್ರಿ ತಮ್ಮ ಸಿಕ್ಸ್ತ್ ಸೆನ್ಸ್ ಅನ್ನುವ ಸಾಧನ ತೋರಿಸಿದ್ದು ಅಲ್ಲೇ. ಕೊರಳಲ್ಲಿ ಒಂದು ಪುಟ್ಟ ಕ್ಯಾಮೆರಾ, ಒಂದು ಪುಟ್ಟ ಪ್ರೊಜೆಕ್ಟರ್. ಬೆರಳ ತುದಿಗೆ ಬೇರೆ ಬೇರೆ ಬಣ್ಣ, ಯಾವ ಬೆರಳು ಎಲ್ಲಿದೆ ಅಂತ ಕ್ಯಾಮೆರಾಗೆ ತಿಳಿಯಲಿ ಅಂತ. ಎರಡೂ ಕೈ ಬೆರಳು ಸೇರಿಸಿ ಚೌಕ ಮಾಡಿದರೆ ಫೋಟೋ. ಮಣಿಕಟ್ಟಿನ ಮೇಲೆ ಬೆರಳಲ್ಲಿ ಸುತ್ತು ಹಾಕಿದರೆ ಅಲ್ಲೇ ಗಡಿಯಾರ. ಅಂಗೈ ಮೇಲೆ ನಂಬರುಗಳು ಮೂಡುತ್ತಿದ್ದವು, ಒತ್ತಿ ಫೋನ್ ಮಾಡಬಹುದಿತ್ತು. ಈಗ ನೋಡಿದರೂ ಖುಷಿಯಾಗುತ್ತದೆ. ಆದರೆ ಇಷ್ಟು ವರ್ಷ ಆಯಿತು, ಯಾರ ಕೊರಳಲ್ಲಾದರೂ ಅದನ್ನು ನೋಡಿದ್ದೀರಾ?

ಮರುವರ್ಷ, 2010ರ ಕೊನೆಗೆ, ಕೈ ಮೈ ಆಡಿಸಿ ವಿಡಿಯೋ ಗೇಮ್ ಆಡಲು ಮೈಕ್ರೋಸಾಫ್ಟ್‌ನ ಕಿನೆಕ್ಟ್ ಬಂತು. ಕೋಣೆ ತುಂಬಾ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಚುಕ್ಕಿಗಳನ್ನು ಚೆಲ್ಲಿ, ಅವು ಎಲ್ಲೆಲ್ಲಿ ಎಷ್ಟು ಸರಿದು ಬಿದ್ದಿವೆ ಅಂತ ನೋಡಿ, ನೀವು ಎಷ್ಟು ದೂರದಲ್ಲಿದ್ದೀರಿ, ಕೈ ಎಲ್ಲಿದೆ ಅಂತ ಲೆಕ್ಕ ಹಾಕುವ ಪೆಟ್ಟಿಗೆ. ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟ ಆದವು. 2017ಕ್ಕೆ ತಯಾರಿಕೆಯೇ ನಿಂತುಹೋಯಿತು.

ಸರಿ, ಈಗ ಕೈ ಇಳಿಸಿ. ಭುಜ ನೋಯ್ತಾ ಇದೆ ಅಲ್ವಾ?

ಇದಕ್ಕೆ ಈ ಕ್ಷೇತ್ರದವರು ಗೊರಿಲ್ಲಾ ಆರ್ಮ್ ಅಂತಾರೆ. ಮುಂದೆ ಸ್ಕ್ರೀನ್ ನಿಲ್ಲಿಸಿಕೊಂಡು ಕೈ ಎತ್ತಿ ಕೆಲಸ ಮಾಡಿದರೆ ಸ್ವಲ್ಪ ಹೊತ್ತಿಗೇ ತೋಳು ಭಾರವಾಗುತ್ತದೆ. ಎರಡನೇ ತೊಂದರೆ, ಗಾಳಿಯಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ. ಒತ್ತಿತೋ ಇಲ್ಲವೋ ಬೆರಳಿಗೆ ತಿಳಿಯದು, ಹಾಗಾಗಿ ಕಣ್ಣು ಪದೇ ಪದೇ ಸ್ಕ್ರೀನ್ ನೋಡಬೇಕು. ಮೂರನೆಯದು ನಮ್ಮಂಥವರಿಗೆ ಇನ್ನೂ ಜಾಸ್ತಿ. ನಾವು ಮಾತಾಡುವುದೇ ಕೈಯಲ್ಲಿ. ಫೋನಲ್ಲಿ ಯಾರಿಗೋ ದಾರಿ ಹೇಳುವಾಗಲೂ ಕೈ ಎಡಕ್ಕೆ ಬಲಕ್ಕೆ ತಿರುಗುತ್ತಿರುತ್ತದೆ. ಅದು ಯಂತ್ರಕ್ಕೆ ಹೇಳಿದ್ದಲ್ಲ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ನಮ್ಮ ದನದ ಜಾತ್ರೆಗಳಲ್ಲಿ ವ್ಯಾಪಾರ ನೋಡಿದ್ದೀರಾ? ಟವೆಲ್ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಸಾವಿರಗಟ್ಟಲೆ ರೂಪಾಯಿಯ ಮಾತುಕತೆ ಮುಗಿಸುತ್ತಾರೆ. ತೋಳು ಎತ್ತಬೇಕಾಗಿಲ್ಲ. ಎಷ್ಟು ಬೆರಳು ಅನ್ನುವುದು ಮುಟ್ಟಿದರೇ ತಿಳಿಯುತ್ತದೆ. ಟವೆಲ್ ಹೊದಿಸಿದರೆ ಮಾತುಕತೆ ಶುರು, ತೆಗೆದರೆ ಮುಗಿಯಿತು, ಗೊಂದಲವೇ ಇಲ್ಲ. ಪಕ್ಕದಲ್ಲಿ ನಿಂತವನಿಗೆ ರೇಟೂ ಗೊತ್ತಾಗುವುದಿಲ್ಲ. ಇಷ್ಟನ್ನೂ ಒಟ್ಟಿಗೆ ಮಾಡುವ ಯಂತ್ರ ಬಂದರೆ ಅದನ್ನು ನಾನು ಒಳ್ಳೆಯ ಇಂಟರ್ಫೇಸ್, ಅಂದರೆ ಮನುಷ್ಯನಿಗೂ ಯಂತ್ರಕ್ಕೂ ನಡುವಿನ ಒಳ್ಳೆಯ ಸೇತುವೆ ಅಂತೀನಿ.

ಗೂಗಲ್ ಚಿಕ್ಕ ಸನ್ನೆಯ ಕಡೆ ಒಂದು ಪ್ರಯತ್ನ ಮಾಡಿತ್ತು. 2019ರ ಅದರ ಪಿಕ್ಸೆಲ್ 4 ಫೋನಿನ ಒಳಗೆ ಸೋಲಿ ಅನ್ನುವ ರೇಡಾರ್ ಚಿಪ್ ಇತ್ತು. ಅದಕ್ಕೆ ಬೇಕಾದ 60 ಗಿಗಾಹರ್ಟ್ಸ್ ರೇಡಿಯೋ ಬ್ಯಾಂಡಿಗೆ ಆಗ ಇಲ್ಲಿ ಅನುಮತಿ ಇರಲಿಲ್ಲ, ಆ ಫೋನ್ ಭಾರತಕ್ಕೆ ಬರಲೇ ಇಲ್ಲ. ನಾವು ಕಳೆದುಕೊಂಡಿದ್ದೂ ಅಷ್ಟರಲ್ಲೇ ಇದೆ. ಬೆರಳ ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ ಅಂತ ಹೆಸರಾಗಿದ್ದ ರೇಡಾರ್‌ನಿಂದ ಕೊನೆಗೆ ಮಾಡಿಸಿದ್ದು ಹಾಡು ಬದಲಾಯಿಸುವುದು, ಅಲಾರಂ ನಿಲ್ಲಿಸುವುದು, ಇಂಥವು. ಅದಕ್ಕೂ ಫೋನಿನ ಮೇಲೆ ಅಂಗೈ ಬೀಸಬೇಕು. ಮುಂದಿನ ವರ್ಷದ ಪಿಕ್ಸೆಲ್ 5ರಲ್ಲಿ ಅದು ಇರಲಿಲ್ಲ.

ಹಾಗಾದರೆ ಉಳಿದುಕೊಂಡಿದ್ದು ಯಾವುದು? ಮೋಟೋ ಫೋನ್ ಇಟ್ಟುಕೊಂಡವರನ್ನು ಕೇಳಿ. ಕರೆಂಟ್ ಹೋದ ತಕ್ಷಣ ಫೋನನ್ನು ಎರಡು ಸಲ ಝಾಡಿಸಿದರೆ ಟಾರ್ಚ್ ಹತ್ತುತ್ತದೆ. ಕತ್ತಲಲ್ಲಿ ಸ್ಕ್ರೀನ್ ನೋಡುವ ಗೋಜಿಲ್ಲ, ಫೋನ್ ಕೈಯಲ್ಲೇ ಇದೆ, ಸುಮ್ಸುಮ್ನೆ ಯಾರೂ ಹಾಗೆ ಝಾಡಿಸುವುದೂ ಇಲ್ಲ. ಕಿನೆಕ್ಟ್ ಕೂಡ ಆಟದ ಆಚೆ ಒಂದು ಒಳ್ಳೆಯ ಜಾಗ ಕಂಡುಕೊಂಡಿತ್ತು. ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಆಪರೇಷನ್ ಮಧ್ಯೆ ಸ್ಕ್ಯಾನ್ ಚಿತ್ರ ತಿರುಗಿಸಿ ನೋಡಲು ವೈದ್ಯರು ಅದನ್ನು ಬಳಸಿದರು. ಕೈ ಶುದ್ಧವಾಗಿ ಇರಬೇಕು, ಏನನ್ನೂ ಮುಟ್ಟುವ ಹಾಗಿಲ್ಲ. ಅಲ್ಲಿ ಸನ್ನೆಗೆ ಒಂದು ಕಾರಣ ಇತ್ತು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಆಪಲ್ ವಾಚಿನದು. 2021ರಲ್ಲಿ ಅಸಿಸ್ಟಿವ್ ಟಚ್ ಅಂತ ಒಂದು ಸೌಲಭ್ಯ ಕೊಟ್ಟರು. ಒಂದು ಕೈ ಇಲ್ಲದವರು, ಇರುವ ಒಂದೇ ಕೈಗೆ ವಾಚ್ ಕಟ್ಟಿಕೊಂಡರೆ, ಸ್ಕ್ರೀನ್ ಮುಟ್ಟುವುದು ಹೇಗೆ? ಹೆಬ್ಬೆರಳು ತೋರುಬೆರಳು ತಾಗಿಸಿದರೆ ಸಾಕು, ಮುಷ್ಟಿ ಹಿಡಿದರೆ ಸಾಕು. 2023ರಲ್ಲಿ ಅದರ ಒಂದು ತುಣುಕು ಡಬಲ್ ಟ್ಯಾಪ್ ಅನ್ನುವ ಹೆಸರಲ್ಲಿ ಆ ವರ್ಷದ ಹೊಸ ಆಪಲ್ ವಾಚ್ ಕೊಂಡ ಎಲ್ಲರಿಗೂ ಬಂತು. ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದವನಿಗೂ ಅದು ಉಪಯೋಗವೇ ತಾನೇ? ಕಣ್ಣ ಮುಂದೆಯೇ ಸ್ಕ್ರೀನ್ ತರುವ ಆಪಲ್‌ನ ವಿಷನ್ ಪ್ರೊ ಕನ್ನಡಕದಲ್ಲೂ ಅದೇ ದಾರಿ. ಬೇಕಾದ್ದನ್ನು ಕಣ್ಣು ನೋಡುತ್ತದೆ, ತೊಡೆ ಮೇಲಿಟ್ಟ ಕೈಯ ಎರಡು ಬೆರಳು ತಾಗುತ್ತವೆ, ಅಷ್ಟೇ.

2025ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಾಜಿನಲ್ಲೇ ಪುಟ್ಟ ಸ್ಕ್ರೀನ್ ಇರುವ ಅವರ ಕನ್ನಡಕದ ಜೊತೆ ಬರುವ ಮಣಿಕಟ್ಟಿನ ಪಟ್ಟಿ ಸ್ನಾಯುಗಳ ವಿದ್ಯುತ್ ಸಂಕೇತವನ್ನೇ ಓದುತ್ತದೆ. ಕ್ಯಾಮೆರಾಗೆ ಕೈ ಕಾಣಬೇಕಾಗಿಯೂ ಇಲ್ಲ. ಮೇಜಿನ ಮೇಲೆ ಬೆರಳಲ್ಲಿ ಬರೆದರೆ ಅಕ್ಷರ ಆಗುತ್ತದೆ, ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 21 ಪದ ಅಂತ ಅವರ ಸಂಶೋಧಕರು ಪ್ರಕಟಿಸಿದ್ದಾರೆ.

ನಾನು ಕೇಳುವುದು ಇಲ್ಲೇ. ಈ ಯಂತ್ರಗಳು ಸನ್ನೆ ಕಲಿಯುತ್ತಿರುವುದು ಯಾರ ಮೈಯಿಂದ? ಆಪಲ್ ಕಂಪನಿಯ ಕಿವಿಗೆ ಹಾಕುವ ಏರ್‌ಪಾಡ್‌ನ ಕೆಲವು ಮಾದರಿಗಳಲ್ಲಿ ಈಗ ತಲೆ ಆಡಿಸಿ ಕರೆ ತೆಗೆಯಬಹುದು. ಮೇಲೆ ಕೆಳಗೆ ಆಡಿಸಿದರೆ ಹೌದು, ಅಡ್ಡಡ್ಡ ಆಡಿಸಿದರೆ ಬೇಡ. ನಮ್ಮ ಹೂಂ ಇವೆರಡೂ ಅಲ್ಲ. ತಲೆ ಆ ಭುಜಕ್ಕೊಮ್ಮೆ ಈ ಭುಜಕ್ಕೊಮ್ಮೆ ವಾಲುತ್ತದೆ. ಕೋಟಿಗಟ್ಟಲೆ ಜನ ಹೀಗೆ ಒಪ್ಪಿಗೆ ಕೊಡುತ್ತಾರೆ. ಅವರು ಫೋನಿಗೋಸ್ಕರ ತಲೆಯಾಡಿಸುವುದನ್ನು ಹೊಸದಾಗಿ ಕಲಿಯಬೇಕಾ?

ಬೆರಳ ಬರಹವೂ ಹಾಗೆಯೇ. ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕಲಾರದೆ ವಾಟ್ಸಾಪಲ್ಲಿ ಬರೀ ವಾಯ್ಸ್ ಮೆಸೇಜ್ ಕಳಿಸುವ ಎಷ್ಟು ಜನ ಹಿರಿಯರಿದ್ದಾರೆ ನಮ್ಮ ಮನೆಗಳಲ್ಲಿ. ಪೆನ್ನು ಕೊಟ್ಟರೆ ಅದೇ ಜನ ಮುತ್ತಿನ ಹಾಗೆ ಬರೆಯುತ್ತಾರೆ, ಕೈ ನಡುಗಿದರೂ ಕಾಗುಣಿತ ತಪ್ಪುವುದಿಲ್ಲ. ಬಿಡುಗಡೆಯಾದಾಗ 799 ಡಾಲರ್ ಇದ್ದ ಮೆಟಾದ ಕನ್ನಡಕ ಅವರ ತನಕ ಬರಲು ಇನ್ನೂ ಬಹಳ ಕಾಲ ಬೇಕು, ಬರಲಿ. ಬರುವ ಹೊತ್ತಿಗೆ ಆ ಮಣಿಕಟ್ಟಿನ ಪಟ್ಟಿಗೆ ಕನ್ನಡ ಬರೆಯುವ ಕೈ ಗೊತ್ತಿರಬೇಕು. ಅದಕ್ಕೆ ಬೇಕಾದ ಕೈಬರಹ ಸಂಗ್ರಹಿಸುವ ಕೆಲಸ ಬೆಂಗಳೂರಿನಲ್ಲಿ ಈಗಲೇ ಶುರು ಮಾಡಬಹುದು. ಇದನ್ನು ಕೇಳುತ್ತಿರುವ ನಿಮ್ಮಲ್ಲೇ ಕೆಲವರು ಇಂಥ ಯಂತ್ರ ಮಾಡುವ ಕಂಪನಿಗಳಲ್ಲಿ ಇದ್ದೀರಿ. ಮುಂದಿನ ಮೀಟಿಂಗಲ್ಲಿ ಈ ಮಾತು ಎತ್ತಿ.